ಕಬ್ಬಿನ ಬಿಲ್ಲಿನಲ್ಲಿ ಬರೆಯದ ಸಾಲು: ಲಾಭ ಎಂದರೇನು, ಅದು ಯಾರದು?

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತರು. ಟನ್ನಿಗೆ 3,500 ರೂಪಾಯಿ ಬೇಕು ಎಂಬುದು ಅವರ ಬೇಡಿಕೆ. ಕೊನೆಗೆ ಸರ್ಕಾರ 3,300 ರೂಪಾಯಿಯ ದರ ಘೋಷಿಸಿತು. ಆ ದಿನಗಳಲ್ಲಿ ಗೋಕಾಕದಿಂದ ಮುಧೋಳದವರೆಗೆ ಯಾವ ಚಹಾದಂಗಡಿಯಲ್ಲಿ ಕುಳಿತರೂ ಎರಡು ವಾದಗಳು ಕೇಳುತ್ತಿದ್ದವು. ಕಾರ್ಖಾನೆಯವರು ಸಕ್ಕರೆಯಿಂದ, ಎಥೆನಾಲ್‌ನಿಂದ, ವಿದ್ಯುತ್ತಿನಿಂದ ಲಾಭ ಬಾಚಿಕೊಳ್ಳುತ್ತಿದ್ದಾರೆ ಎಂಬುದು ಒಂದು. ಇಷ್ಟು ದರ ಕೊಟ್ಟರೆ ಕಾರ್ಖಾನೆ ನಷ್ಟಕ್ಕೆ ಬೀಳುತ್ತದೆ ಎಂಬುದು ಇನ್ನೊಂದು. ಕಬ್ಬು ಒಂದೇ, ಸಕ್ಕರೆ ಮೂಟೆ ಒಂದೇ. ಆದರೂ ಒಬ್ಬರಿಗೆ ಲಾಭ ಕಂಡಲ್ಲಿ ಇನ್ನೊಬ್ಬರಿಗೆ ನಷ್ಟ ಕಾಣುತ್ತದೆ.

ಇದರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುವುದು ಸುಲಭ. ನಿಜಕ್ಕೂ ತೊಡಕು ಇರುವುದು ‘ಲಾಭ’ ಎಂಬ ಪದದಲ್ಲಿ. ಪಾಡ್ಯದ ದಿನ ಅಂಗಡಿಯ ಗೋಡೆಯ ಮೇಲೆ ‘ಶುಭ ಲಾಭ’ ಎಂದು ಬರೆಯುವಷ್ಟು ಆ ಪದ ನಮಗೆ ಹತ್ತಿರದ್ದು. ಆದರೆ ಅದು ಎಲ್ಲಿಂದ ಬರುತ್ತದೆ, ಯಾರಿಗೆ ಸೇರಬೇಕು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರೇ ಶತಮಾನಗಳಿಂದ ಒಮ್ಮತಕ್ಕೆ ಬಂದಿಲ್ಲ. ಕಬ್ಬಿನ ಕಾನೂನಿನೊಳಗೂ ಈ ಪದ ಕುಳಿತಿದೆ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಘೋಷಿಸುವ ಎಫ್‌ಆರ್‌ಪಿಯ ಪೂರ್ಣ ಹೆಸರು ‘ನ್ಯಾಯಯುತ ಮತ್ತು ಲಾಭದಾಯಕ ಬೆಲೆ’. ಆ ಬೆಲೆ ಕಟ್ಟುವಾಗ ಬೆಳೆಗಾರನ ‘ಅಪಾಯ ಮತ್ತು ಲಾಭ’ಕ್ಕೆ ಸಮಂಜಸ ಪಾಲು ಇಡಬೇಕೆಂದು ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಹಾಗಾದರೆ ಸಮಂಜಸ ಲಾಭ ಎಂದರೆ ಎಷ್ಟು?

ಖರ್ಚು ಕಳೆದರೆ ಉಳಿಯುವುದೆಲ್ಲ ಲಾಭವೇ?

ಮೊದಲು ಸರಳ ಲೆಕ್ಕ ನೋಡೋಣ. ಬಂದ ಹಣದಲ್ಲಿ ಖರ್ಚು ಕಳೆದರೆ ಉಳಿದದ್ದು ಲಾಭ. ಎಲ್ಲರಿಗೂ ಗೊತ್ತಿರುವುದೇ. ಆದರೆ ಯಾವುದನ್ನು ಖರ್ಚು ಎಂದು ಬರೆಯುತ್ತೀರಿ?

ಒಂದು ಎಕರೆಯ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. 40 ಟನ್ ಕಬ್ಬು, ಟನ್ನಿಗೆ 3,300 ರೂಪಾಯಿಯಂತೆ 1,32,000 ರೂಪಾಯಿ ಬಂತು. ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ ಎಂದು ಕೈಯಿಂದ ಹೋದದ್ದು 70,000. ಉಳಿದದ್ದು 62,000. ಮನೆಯವರೆಲ್ಲ ಸೇರಿ ವರ್ಷವಿಡೀ ನೀರು ಹಾಯಿಸಿದರು, ಕಸ ತೆಗೆದರು. ಅದೇ ಕೆಲಸಕ್ಕೆ ಬೇರೆ ಹೊಲಕ್ಕೆ ಹೋಗಿದ್ದರೆ 20,000 ಕೂಲಿ ಸಿಗುತ್ತಿತ್ತು. ಅದನ್ನು ಕಳೆದರೆ 42,000. ಹೊಲ ಸ್ವಂತದ್ದು. ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದರೆ ಸುಮ್ಮನೆ ಕುಳಿತು 30,000 ಎಣಿಸಬಹುದಿತ್ತು. ಅದೂ ಹೋದರೆ 12,000. ಬೆಳೆಗೆ ಹಾಕಿದ ಸ್ವಂತ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿ ಮತ್ತು ಪಂಪು, ಬಾವಿಗೆ ತೊಡಗಿಸಿದ ಹಣದ ಬಡ್ಡಿ ಸೇರಿ 8,000 ಎನ್ನೋಣ. ಕೊನೆಗೆ ಉಳಿಯುವುದು 4,000.

ಈ ರೈತನ ಲಾಭ 62,000 ರೂಪಾಯಿಯೋ, 4,000 ರೂಪಾಯಿಯೋ? ಕೈಯಿಂದ ಹೋದ ಖರ್ಚನ್ನು ಮಾತ್ರ ಕಳೆದರೆ ಮೊದಲನೆಯ ಉತ್ತರ. ಕೈಬಿಟ್ಟುಹೋದ ಗಳಿಕೆಯನ್ನೂ ಖರ್ಚೆಂದು ಎಣಿಸಿದರೆ ಎರಡನೆಯದು. ಸರ್ಕಾರಿ ಭಾಷೆಯಲ್ಲಿ ಕೈಯಿಂದ ಹೋದ ಖರ್ಚಿಗೆ ‘ಎ2’ ಎಂದು ಹೆಸರು, ಅದಕ್ಕೆ ಮನೆಯವರ ದುಡಿಮೆ ಸೇರಿಸಿದರೆ ‘ಎ2+ಎಫ್‌ಎಲ್’, ಸ್ವಂತ ಭೂಮಿಯ ಬಾಡಿಗೆ ಮತ್ತು ಸ್ವಂತ ಬಂಡವಾಳದ ಬಡ್ಡಿಯನ್ನೂ ಕೂಡಿಸಿದರೆ ‘ಸಿ2’. 2025-26ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಗೆ (ನೂರು ಕಿಲೋ ಕಬ್ಬಿನಿಂದ 10.25 ಕಿಲೋ ಸಕ್ಕರೆ) ಕ್ವಿಂಟಲ್‌ಗೆ 355 ರೂಪಾಯಿ ಎಫ್‌ಆರ್‌ಪಿ ಘೋಷಿಸಿದಾಗ, ಉತ್ಪಾದನಾ ವೆಚ್ಚ 173 ರೂಪಾಯಿ, ಬೆಲೆ ಅದಕ್ಕಿಂತ ಶೇ 105.2ರಷ್ಟು ಹೆಚ್ಚು ಎಂದು ಕೇಂದ್ರ ಹೇಳಿತು. ಆ 173 ರೂಪಾಯಿ ಎ2+ಎಫ್‌ಎಲ್ ಲೆಕ್ಕದ್ದು. ರೈತ ಸಂಘಟನೆಗಳು ಸಿ2 ಹಿಡಿದು ಮಾತನಾಡುತ್ತವೆ. ಜಗಳದ ಅರ್ಧ ಭಾಗ ಇಲ್ಲಿಯೇ ಇದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ತಿಳಿಗೊಳಿಸಬೇಕು. ಕ್ವಿಂಟಲ್‌ಗೆ 355 ಎಂದರೆ ಟನ್ನಿಗೆ 3,550. ಹಾಗಿದ್ದ ಮೇಲೆ 3,500 ಕೇಳಿ ಹೋರಾಟವೇಕೆ? ಎಫ್‌ಆರ್‌ಪಿ ಕಾರ್ಖಾನೆಯ ಬಾಗಿಲಿಗೆ ಬಂದ ಕಬ್ಬಿನ ಬೆಲೆ. ಕಟಾವು ಮತ್ತು ಸಾಗಾಣಿಕೆಯ ಖರ್ಚು ಅದರಲ್ಲಿಯೇ ಮುರಿಯುತ್ತದೆ. ರೈತರು ಕೇಳಿದ್ದು ಆ ಖರ್ಚು ಹೊರತುಪಡಿಸಿ ಕೈಗೆ ಬರುವ ದರ.

ಸಂತೆಯಲ್ಲಿ ಹುಟ್ಟುವ ಲಾಭ, ಹೊಲದಲ್ಲಿ ಹುಟ್ಟುವ ಲಾಭ

ಹಳೆಯ ಕಾಲದ ಚಿಂತಕರಿಗೆ ಲಾಭ ಮೊದಲು ಕಂಡದ್ದು ವ್ಯಾಪಾರಿಯ ಕೈಯಲ್ಲಿ, ಕಂಡದ್ದೂ ಅನುಮಾನದ ಕಣ್ಣಿನಿಂದ. ಕೌಟಿಲ್ಯನ ಅರ್ಥಶಾಸ್ತ್ರ ನಾಡಿನ ಸರಕಿಗೆ ಶೇ 5, ಹೊರನಾಡಿನ ಸರಕಿಗೆ ಶೇ 10 ಎಂದು ವ್ಯಾಪಾರಿಯ ಲಾಭಕ್ಕೆ ಮಿತಿ ಹಾಕಿತು. ಗ್ರೀಸಿನ ಅರಿಸ್ಟಾಟಲ್ ಮನೆಯ ಅಗತ್ಯಕ್ಕಾಗಿ ಗಳಿಸುವುದನ್ನು ಒಪ್ಪಿದ, ಹಣಕ್ಕಾಗಿ ಹಣ ಗಳಿಸುವುದನ್ನು ಒಪ್ಪಲಿಲ್ಲ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಕುಟುಂಬವನ್ನು ಸಾಕಲು, ಬಡವರಿಗೆ ನೆರವಾಗಲು ಮಿತವಾದ ಲಾಭ ಪಡೆದರೆ ತಪ್ಪಿಲ್ಲ ಎಂದ. ಇವರೆಲ್ಲರ ಚಿಂತೆ ಲಾಭ ನ್ಯಾಯವೋ ಅಲ್ಲವೋ ಎಂಬುದು. ಅದು ಹೇಗೆ ಹುಟ್ಟುತ್ತದೆ ಎಂಬುದು ಆಗಿನ್ನೂ ಪ್ರಶ್ನೆಯೇ ಆಗಿರಲಿಲ್ಲ.

ಹದಿನೇಳು, ಹದಿನೆಂಟನೇ ಶತಮಾನದ ಯುರೋಪಿನ ವಣಿಕ ಚಿಂತಕರು, ಅಗ್ಗಕ್ಕೆ ಕೊಂಡು ತುಟ್ಟಿಗೆ ಮಾರಿದಾಗ ಲಾಭ ಹುಟ್ಟುತ್ತದೆ ಎಂದರು. ಸ್ಕಾಟ್ಲೆಂಡಿನ ಜೇಮ್ಸ್ ಸ್ಟುವರ್ಟ್ 1767ರಲ್ಲಿ ಇದನ್ನು ‘ಪರಭಾರೆಯಿಂದ ಬರುವ ಲಾಭ’ ಎಂದು ಕರೆದ. ಸಂತೆಯಲ್ಲಿ ಎತ್ತು ಮಾರಿದವನಿಗೆ ಐದು ಸಾವಿರ ಹೆಚ್ಚು ಸಿಕ್ಕರೆ, ಕೊಂಡವನ ಜೇಬಿನಿಂದ ಅಷ್ಟೇ ಹೆಚ್ಚು ಹೋಗಿರುತ್ತದೆ. ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಸಂತೆಯ ಮಟ್ಟಿಗೆ ಈ ಮಾತು ಸರಿ. ಆದರೆ ಇಡೀ ಊರಿನ ಲೆಕ್ಕ ತೆಗೆದರೆ ಕೂಡಿದ್ದು, ಕಳೆದದ್ದು ಸಮ ಆಗುತ್ತದೆ. ಹಾಗಾದರೆ ಊರಿಗೆ ಊರೇ ಸಿರಿವಂತವಾಗುವುದು ಹೇಗೆ?

ಈ ಪ್ರಶ್ನೆಗೆ ಫ್ರಾನ್ಸಿನ ಅರಮನೆಯ ವೈದ್ಯ ಫ್ರಾಂಸ್ವಾ ಕೆನೆ 1758ರಲ್ಲಿ ಕೊಟ್ಟ ಉತ್ತರವನ್ನು ಕೇಳಿದರೆ ನಮ್ಮ ರೈತರು ತಲೆದೂಗುತ್ತಾರೆ. ಹೆಚ್ಚುವರಿ ಹುಟ್ಟುವುದು ಭೂಮಿಯಲ್ಲಿ ಮಾತ್ರ ಎಂದ ಆತ. ಒಂದು ಹಿಡಿ ಜೋಳ ಬಿತ್ತಿದರೆ ಚೀಲ ಜೋಳ ಬರುತ್ತದೆ. ನೇಕಾರ, ಕಮ್ಮಾರ, ಕಾರ್ಖಾನೆಯವ ಎಲ್ಲರೂ ಇದ್ದದ್ದರ ರೂಪ ಬದಲಿಸುತ್ತಾರೆ, ಅಷ್ಟೇ. ಅವರನ್ನು ಆತ ‘ಬಂಜೆ ವರ್ಗ’ ಎಂದೇ ಕರೆದ. ‘ಕಬ್ಬು ಬೆಳೆದವರು ನಾವು, ಅವರು ಹಿಂಡಿದರು ಮಾತ್ರ’ ಎಂದು ಹೋರಾಟದ ವೇದಿಕೆಯಿಂದ ಕೇಳುವ ಮಾತಿನಲ್ಲಿ ಕೆನೆಯ ನೆರಳಿದೆ. ಆದರೆ ಇಳಕಲ್ಲಿನ ಮಗ್ಗದ ಮುಂದೆ ಒಂದು ಗಂಟೆ ನಿಂತವರು ಆ ಮಾತನ್ನು ಪೂರ್ತಿ ಒಪ್ಪಲಾರರು. ನೂಲಿನ ಬೆಲೆಗೂ ಸೀರೆಯ ಬೆಲೆಗೂ ಇರುವ ಅಂತರದಲ್ಲಿ ಏನೂ ಹುಟ್ಟಿಲ್ಲ ಎನ್ನುವುದು ಹೇಗೆ? ಸಾಲದ್ದಕ್ಕೆ, ಕೆನೆಯ ಲೆಕ್ಕದಲ್ಲಿ ಆ ಹೆಚ್ಚುವರಿ ಉಳುವವನಿಗೂ ಸೇರುವುದಿಲ್ಲ. ಅದು ಬಾಡಿಗೆಯಾಗಿ ಭೂಮಿಯ ಒಡೆಯನಿಗೆ ಹೋಗುತ್ತದೆ.

ಆಡಮ್ ಸ್ಮಿತ್‌ನ ಎರಡು ಕಾರ್ಖಾನೆಗಳು

ಲಾಭವನ್ನು ಕೂಲಿಯಿಂದಲೂ ಬಾಡಿಗೆಯಿಂದಲೂ ಬೇರ್ಪಡಿಸಿ, ಅದಕ್ಕೊಂದು ಸ್ವಂತ ಖಾತೆ ತೆರೆದವನು ಆಡಮ್ ಸ್ಮಿತ್. 1776ರಲ್ಲಿ ಆತ ಕೊಟ್ಟ ಉದಾಹರಣೆ ಇಂದಿಗೂ ಹಳತಾಗಿಲ್ಲ.

ಎರಡು ಕಾರ್ಖಾನೆಗಳಿವೆ. ಎರಡರಲ್ಲೂ 20 ಕೆಲಸಗಾರರು, ತಲೆಗೆ ವರ್ಷಕ್ಕೆ 15 ಪೌಂಡ್ ಕೂಲಿ, ಒಟ್ಟು 300 ಪೌಂಡ್. ಒಂದರಲ್ಲಿ ಬಳಸುವ ಕಚ್ಚಾ ವಸ್ತು ಒರಟು, ಬೆಲೆ 700 ಪೌಂಡ್. ಇನ್ನೊಂದರಲ್ಲಿ ನಯವಾದದ್ದು, ಬೆಲೆ 7,000 ಪೌಂಡ್. ಹಾಗಾಗಿ ಒಬ್ಬ ಮಾಲೀಕ ಹೂಡಿದ್ದು 1,000 ಪೌಂಡ್, ಇನ್ನೊಬ್ಬ 7,300. ಶೇ 10ರ ವಾಡಿಕೆಯ ಲಾಭದಂತೆ ಒಬ್ಬನಿಗೆ 100, ಇನ್ನೊಬ್ಬನಿಗೆ 730 ಪೌಂಡ್ ಬರುತ್ತದೆ. ಮೇಲ್ವಿಚಾರಣೆಯ ಶ್ರಮ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ಲಾಭವನ್ನು ಮಾಲೀಕನ ‘ಕೂಲಿ’ ಎನ್ನುವುದು ಹೇಗೆ? ಎನ್ನಲಾಗದು ಎಂಬುದೇ ಸ್ಮಿತ್‌ನ ವಾದ. ಲಾಭ ನಡೆಯುವುದು ಹೂಡಿದ ಬಂಡವಾಳದ ಗಾತ್ರದ ಹಿಂದೆ, ಮಾಲೀಕನ ಬೆವರಿನ ಹಿಂದೆ ಅಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಆತ ಬಿಡಲಿಲ್ಲ. ಸಣ್ಣ ಬಂದರು ಊರಿನ ಕಿರಾಣಿ ಅಂಗಡಿಯವನು ನೂರು ಪೌಂಡ್ ಸರಕಿನ ಮೇಲೆ ಶೇ 40, 50ರಷ್ಟು ಗಳಿಸುತ್ತಾನೆ. ಅದೇ ಊರಿನ ಸಗಟು ವ್ಯಾಪಾರಿಗೆ ಹತ್ತು ಸಾವಿರ ಪೌಂಡ್ ಸರಕಿನ ಮೇಲೆ ಶೇ 8, 10 ಸಿಗುವುದೂ ಕಷ್ಟ. ಕಿರಾಣಿಯವನು ದುರಾಸೆಯವನೇ? ಅಲ್ಲ. ಅವನ ‘ಲಾಭ’ದ ಬಹುಭಾಗ ನಿಜದಲ್ಲಿ ಅವನ ದುಡಿಮೆಯ ಕೂಲಿ. ಅದು ಲಾಭದ ವೇಷ ಹಾಕಿಕೊಂಡಿದೆ. ಗುಳೇದಗುಡ್ಡದಲ್ಲಿ ಸ್ವಂತ ಮಗ್ಗದಲ್ಲಿ ಖಣ ನೇಯುವವರ, ಮಹಾಲಿಂಗಪುರದ ಸುತ್ತ ಸ್ವಂತ ಗಾಣದಲ್ಲಿ ಬೆಲ್ಲ ಮಾಡುವವರ ‘ಲಾಭ’ವನ್ನು ಹೀಗೆ ಬಿಡಿಸಿ ನೋಡಬೇಕು. ನಮ್ಮ ಒಂದು ಎಕರೆ ರೈತನ 62,000 ರೂಪಾಯಿಯಲ್ಲಿ ಎಷ್ಟು ವೇಷವಿತ್ತು ಎಂಬುದನ್ನು ಆಗಲೇ ಕಂಡಿದ್ದೇವೆ.

ಎರೆಯ ಹೊಲ, ಮಡ್ಡಿಯ ಹೊಲ

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ವಿಜಯಪುರ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. ಡೋಣಿ ನದಿಯ ಆಚೀಚೆಯ ಎರೆಮಣ್ಣಿಗೂ ಮೇಲಿನ ಮಡ್ಡಿ ನೆಲಕ್ಕೂ ಅಜಗಜಾಂತರ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1815 ಮತ್ತು 1817ರಲ್ಲಿ ಬರೆದ ಸಿದ್ಧಾಂತವನ್ನು ಅರಿಯಲು ಇಷ್ಟು ಸಾಕು.

ಜನ ಕಡಿಮೆ ಇದ್ದಾಗ ಎರೆಹೊಲ ಮಾತ್ರ ಸಾಗುವಳಿಯಾಗುತ್ತದೆ. ಜನ ಹೆಚ್ಚಿದಂತೆ ಮಡ್ಡಿಯನ್ನೂ ಉಳಬೇಕಾಗುತ್ತದೆ. ಅಲ್ಲಿ ಅದೇ ಶ್ರಮಕ್ಕೆ ಕಡಿಮೆ ಬೆಳೆ. ಮಡ್ಡಿಯಲ್ಲಿ ಬೆಳೆದವನಿಗೂ ಖರ್ಚು ಹುಟ್ಟಬೇಕಾದರೆ ಜೋಳದ ಬೆಲೆ ಏರಲೇಬೇಕು. ಏರಿದ ಬೆಲೆ ಎರೆಹೊಲದ ಜೋಳಕ್ಕೂ ಸಿಗುತ್ತದೆ, ಆ ಹೆಚ್ಚುವರಿಯನ್ನು ಎರೆಹೊಲದ ಒಡೆಯ ಬಾಡಿಗೆಯಾಗಿ ವಸೂಲಿ ಮಾಡುತ್ತಾನೆ. ಜೋಳ ತುಟ್ಟಿಯಾದಾಗ ಕೂಲಿಯವನ ಹೊಟ್ಟೆ ತುಂಬಲು ಕೂಲಿಯನ್ನೂ ಏರಿಸಬೇಕು. ಹೀಗೆ ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಕೂಲಿ ಒತ್ತಿದಾಗ ನಡುವೆ ಸಿಕ್ಕಿ ಸೊರಗುವುದು ಲಾಭ. ರಿಕಾರ್ಡೊನ ಕಣ್ಣಿಗೆ ಲಾಭ ಎಂದರೆ ಉಳಿದವರ ಊಟ ಮುಗಿದ ಮೇಲೆ ಪಾತ್ರೆಯಲ್ಲಿ ಮಿಕ್ಕದ್ದು.

ಇದು ಪುಸ್ತಕದ ಜಗಳವಾಗಿ ಉಳಿಯಲಿಲ್ಲ. 1815ರಲ್ಲಿ ಬ್ರಿಟನ್ ಹೊರಗಿನ ಧಾನ್ಯ ಅಗ್ಗವಾಗಿ ಒಳಬರದಂತೆ ಕಾನೂನು ಮಾಡಿತ್ತು. ಅದು ಭೂಮಾಲೀಕರ ಬಾಡಿಗೆಯನ್ನು ಉಬ್ಬಿಸಿ ಉದ್ಯಮದ ಲಾಭವನ್ನು ಕೊಲ್ಲುತ್ತದೆ ಎಂಬ ರಿಕಾರ್ಡೊನ ವಾದ ಬಹುಕಾಲ ಕಾದಾಡಿತು. ಕಾನೂನು ರದ್ದಾದದ್ದು 1846ರಲ್ಲಿ.

ದುಡಿದವರದೋ, ಕಾದವರದೋ?

ಇಲ್ಲಿಂದ ದಾರಿ ಕವಲೊಡೆಯುತ್ತದೆ, ಮಾತು ಬಿಸಿಯಾಗುತ್ತದೆ.

ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗ್‌ಗಳು ಮುಂಗಡ ಪಡೆದು, ಮಕ್ಕಳುಮರಿಗಳೊಂದಿಗೆ ಬಂದು ಹೊಲದ ಅಂಚಿನಲ್ಲಿ ಗುಡಿಸಲು ಹಾಕುತ್ತವೆ. ಕಾರ್ಲ್ ಮಾರ್ಕ್ಸ್ 1867ರಲ್ಲಿ ಕೇಳಿದ ಪ್ರಶ್ನೆಯನ್ನು ಈ ಗುಡಿಸಲಿನಿಂದಲೇ ಕೇಳಬಹುದು. ಒಬ್ಬ ಕಾರ್ಮಿಕ ದಿನಕ್ಕೆ ಹತ್ತು ಗಂಟೆ ದುಡಿಯುತ್ತಾನೆ ಎನ್ನೋಣ. ಅವನ ಸಂಸಾರ ಒಂದು ದಿನ ಬದುಕಲು ಬೇಕಾದಷ್ಟು ಮೌಲ್ಯವನ್ನು ಆರು ಗಂಟೆಯಲ್ಲೇ ಹುಟ್ಟಿಸಿರುತ್ತಾನೆ. ಅವನಿಗೆ ಕೂಲಿಯಾಗಿ ಸಿಗುವುದು ಅಷ್ಟೇ. ಉಳಿದ ನಾಲ್ಕು ಗಂಟೆಯ ಮೌಲ್ಯ ಎಲ್ಲಿ ಹೋಯಿತು? ಅದನ್ನು ಮಾರ್ಕ್ಸ್ ‘ಮಿಗುತಾಯ ಮೌಲ್ಯ’ ಎಂದ. ಲಾಭ, ಬಡ್ಡಿ, ಬಾಡಿಗೆ ಮೂರೂ ಅದರಿಂದಲೇ ಕುಯ್ದ ಹೋಳುಗಳು ಎಂಬುದು ಅವನ ಸಿದ್ಧಾಂತ. ಸಂತೆಯಲ್ಲಿ ಯಾರೂ ಯಾರಿಗೂ ಮೋಸ ಮಾಡದಿದ್ದರೂ, ಪ್ರತಿಯೊಂದೂ ಸರಿಯಾದ ಬೆಲೆಗೇ ಮಾರಿದರೂ ಲಾಭ ಹೇಗೆ ಹುಟ್ಟುತ್ತದೆ ಎಂಬ ಗಂಟನ್ನು ಬಿಚ್ಚಲು ಹೊರಟದ್ದು ಅವನ ಹೆಗ್ಗಳಿಕೆ. ಲಾಭದ ಮೂಲ ದುಡಿಮೆ ಒಂದೇ ಎಂಬುದನ್ನು ಅನಂತರದ ಬಹುಪಾಲು ಅರ್ಥಶಾಸ್ತ್ರಜ್ಞರು ಒಪ್ಪಲಿಲ್ಲ.

ಎದುರು ದಿಕ್ಕಿನಲ್ಲಿ ಇಂಗ್ಲೆಂಡಿನ ನಾಸೌ ಸೀನಿಯರ್ 1836ರಲ್ಲಿಯೇ ಇನ್ನೊಂದು ಮಾತು ಹೇಳಿದ್ದ. ಇಂದೇ ತಿಂದು ಮುಗಿಸಬಹುದಾದ ಹಣವನ್ನು ತಿನ್ನದೆ ಹೂಡಿ ಕಾಯುತ್ತಾರಲ್ಲ, ಆ ಸಂಯಮಕ್ಕೆ ಸಿಗುವ ಪ್ರತಿಫಲವೇ ಲಾಭ ಎಂದು. ಲಕ್ಷಾಧಿಪತಿಗಳ ‘ಸಂಯಮ’ವನ್ನು ಕೇಳಿ ಟೀಕಾಕಾರರು ಕೆರಳಿದ್ದು ಸಹಜ. ಆದರೆ ಕಾಯುವಿಕೆಗೆ ಬೆಲೆಯಿದೆ ಎಂಬ ತಿರುಳನ್ನು ತಳ್ಳಿಹಾಕಲು ಆಗದು. ಬಿತ್ತಿ ಹನ್ನೆರಡು ತಿಂಗಳು ಕಬ್ಬು ಕಾಯುವ ರೈತನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕಾನೂನೂ ಇದನ್ನು ಒಪ್ಪಿದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡದಿದ್ದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಬಿಲ್ಲಿಗಾಗಿ ತಿಂಗಳುಗಟ್ಟಲೆ ಅಲೆದ ಮನೆಗಳು ನಮ್ಮಲ್ಲಿ ಇರುವುದರಿಂದ ಈ ಸಾಲನ್ನು ಪ್ರತಿಯೊಬ್ಬ ಬೆಳೆಗಾರ ತಿಳಿದಿರಬೇಕು.

ಜಾನ್ ಸ್ಟುವರ್ಟ್ ಮಿಲ್ 1848ರಲ್ಲಿ ಲಾಭವನ್ನು ಮೂರು ಪಾಲು ಮಾಡಿದ: ಕಾದದ್ದಕ್ಕೆ ಬಡ್ಡಿ, ಅಪಾಯಕ್ಕೆ ವಿಮೆ, ಮೇಲ್ವಿಚಾರಣೆಗೆ ಸಂಬಳ. ಹಾಗಾದರೆ ಮೂರನ್ನೂ ಕೊಟ್ಟ ಮೇಲೆ ಏನು ಉಳಿಯುತ್ತದೆ? ಪೂರ್ಣ ಪೈಪೋಟಿ ಇದ್ದರೆ ಏನೂ ಉಳಿಯುವುದಿಲ್ಲ ಎಂದ ಫ್ರಾನ್ಸಿನ ಲಿಯೋನ್ ವಾಲ್ರಾ. ಅವನ 1874ರ ಲೆಕ್ಕದಲ್ಲಿ ಉದ್ಯಮಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಕಣ್ಣೆದುರಿನ ಜಗತ್ತಿನಲ್ಲಿ ಲಾಭ ಇದ್ದೇ ಇದೆ.

ನಾಳೆ ಏನೆಂದು ಯಾರಿಗೆ ಗೊತ್ತು?

ನನಗೆ ಕಬ್ಬಿನ ಜಗಳವನ್ನು ಎಲ್ಲಕ್ಕಿಂತ ಚೆನ್ನಾಗಿ ಬಿಡಿಸಿ ತೋರಿಸಿದ್ದು ಈ ಭಾಗ.

1755ರಲ್ಲಿ ಅಚ್ಚಾದ ರಿಚರ್ಡ್ ಕ್ಯಾಂಟಿಲಾನ್‌ನ ಬರಹದಲ್ಲಿ ಉದ್ಯಮಿಗೆ ಒಂದು ಸರಳ ಗುರುತಿದೆ: ಗೊತ್ತಿರುವ ಬೆಲೆಗೆ ಕೊಳ್ಳುವವನು, ಗೊತ್ತಿಲ್ಲದ ಬೆಲೆಗೆ ಮಾರುವವನು. ಅಮೆರಿಕದ ಫ್ರಾಂಕ್ ನೈಟ್ 1921ರಲ್ಲಿ ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದ. ಅವನ ಪ್ರಕಾರ ಅಪಾಯ ಬೇರೆ, ಅನಿಶ್ಚಿತತೆ ಬೇರೆ. ನೂರು ಲಾರಿಗಳಲ್ಲಿ ವರ್ಷಕ್ಕೆ ಎಷ್ಟು ಅಪಘಾತಕ್ಕೆ ಸಿಲುಕುತ್ತವೆ ಎಂದು ಹಿಂದಿನ ದಾಖಲೆ ನೋಡಿ ಹೇಳಬಹುದು. ಅದು ಅಪಾಯ. ವಿಮೆಯ ಕಂತು ಕಟ್ಟಿದರೆ ಅದು ಬರಿಯ ಖರ್ಚಾಗುತ್ತದೆ. ಆದರೆ ದಾಖಲೆಯೇ ಇಲ್ಲದ, ಲೆಕ್ಕಕ್ಕೆ ಸಿಗದ ನಾಳೆಗಳಿವೆ. ಅವುಗಳಿಗೆ ವಿಮೆಯಿಲ್ಲ. ಆ ಕತ್ತಲೆಯಲ್ಲಿ ತೀರ್ಮಾನ ತೆಗೆದುಕೊಂಡು ಹೊಣೆ ಹೊತ್ತವನಿಗೆ ಉಳಿಯುವುದೇ ನಿಜವಾದ ಲಾಭ ಅಥವಾ ನಷ್ಟ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಎಥೆನಾಲ್ ಘಟಕಗಳಿಗೆ ಹಣ ಹೂಡಿದ್ದ ಸಕ್ಕರೆ ಕಾರ್ಖಾನೆಗಳಿಗೆ 2023ರ ಡಿಸೆಂಬರ್ 7ರಂದು ಕೇಂದ್ರದಿಂದ ಸೂಚನೆ ಬಂತು: ಆ ವರ್ಷದ ಎಥೆನಾಲ್‌ಗೆ ಕಬ್ಬಿನ ರಸ ಬಳಸುವಂತಿಲ್ಲ. 2024ರ ಆಗಸ್ಟ್‌ನಲ್ಲಿ ಆ ನಿರ್ಬಂಧ ತೆರವಾಯಿತು. ಇದನ್ನು ಯಾವ ವಿಮಾ ಕಂಪನಿಯೂ ಮೊದಲೇ ಲೆಕ್ಕ ಹಾಕಿರಲಿಲ್ಲ.

ಕ್ಯಾಂಟಿಲಾನ್‌ನ ಗುರುತು ಹಿಡಿದು ನೋಡಿದರೆ ಕಾರ್ಖಾನೆ ಉದ್ಯಮಿ. ಕಬ್ಬಿಗೆ ಕಾನೂನು ಕಟ್ಟಿದ ಬೆಲೆ ಕೊಡುತ್ತದೆ, ಸಕ್ಕರೆಯನ್ನು ಏರಿಳಿಯುವ ಬೆಲೆಗೆ ಮಾರುತ್ತದೆ. ಆದರೆ ಅದೇ ಗುರುತಿನಿಂದ ರೈತನೂ ಉದ್ಯಮಿಯೇ. ಬೀಜ, ಗೊಬ್ಬರಕ್ಕೆ ಇಂದಿನ ಬೆಲೆ ಕೊಟ್ಟು ನಾಟಿ ಮಾಡುತ್ತಾನೆ. ವರ್ಷದ ನಂತರ ದರ ಎಷ್ಟು, ಕೃಷ್ಣೆಗೆ ಪ್ರವಾಹ ಬರುತ್ತದೆಯೋ ಇಲ್ಲವೋ, ಕಟಾವಿನ ಸರದಿ ಯಾವಾಗ ಎಂಬುದೊಂದೂ ಅವನಿಗೆ ಗೊತ್ತಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಎದುರುಬದುರು ನಿಂತಿರುವವರು ಮಾಲೀಕ ಮತ್ತು ಕೂಲಿಯವನಲ್ಲ, ಅನಿಶ್ಚಿತತೆ ಹೊತ್ತ ಇಬ್ಬರು ಉದ್ಯಮಿಗಳು. ಇಬ್ಬರೂ ಹೊತ್ತ ಭಾರಕ್ಕೆ ಪ್ರತಿಫಲ ಕೇಳುತ್ತಿದ್ದಾರೆ.

ಆದರೆ ಇಬ್ಬರ ಬಲ ಸಮವಲ್ಲ. ಕಡಿದ ಕಬ್ಬು ಹೊಲದಲ್ಲಿ ಒಣಗಿದಷ್ಟೂ ತೂಕವೂ ಸಕ್ಕರೆಯೂ ಇಳಿಯುತ್ತವೆ. ಮನೆಗೆ ತಂದು ಪೇರಿಸಿ ಬೆಲೆ ಬರಲಿ ಎಂದು ಕಾಯಲು ಅದು ಜೋಳವಲ್ಲ. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕೆಂಬ ನಿಯಮವೂ ಇದೆ. ಕೊಳ್ಳುವವರು ಕೆಲವರೇ, ಮಾರುವವರು ಸಾವಿರಾರು ಮಂದಿ ಆದಾಗ ಏನಾಗುತ್ತದೆ ಎಂಬುದನ್ನು 1933ರಲ್ಲಿ ಬ್ರಿಟನ್ನಿನ ಜೋನ್ ರಾಬಿನ್‌ಸನ್ ವಿವರಿಸಿದರು. ಕೊಳ್ಳುವವರು ಬೆಲೆಯನ್ನು ಒತ್ತಿ ಹಿಡಿಯಬಲ್ಲರು, ಹಾಗೆ ಉಳಿದದ್ದೂ ಲೆಕ್ಕದ ಪುಸ್ತಕದಲ್ಲಿ ‘ಲಾಭ’ ಎಂದೇ ಕಾಣುತ್ತದೆ. ಅದನ್ನು ಧೈರ್ಯದ ಪ್ರತಿಫಲದಿಂದ ಬೇರ್ಪಡಿಸಿ ನೋಡಲು ಜಮಾಖರ್ಚಿನ ಪಟ್ಟಿ ಸಾಲದು. ಬೆಲೆಗೆ ಕಾನೂನಿನ ತಳಪಾಯ ಹಾಕಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಹೊಸದನ್ನು ಮೊದಲು ಮಾಡಿದವನ ಪಾಲು

ಆಸ್ಟ್ರಿಯಾದ ಜೋಸೆಫ್ ಶುಂಪೀಟರ್ 1911ರ ಹೊತ್ತಿಗೆ ಲಾಭಕ್ಕೆ ಬೇರೆಯೇ ತಾಯಿಬೇರು ತೋರಿಸಿದ. ಹೊಸ ವಸ್ತು, ಹೊಸ ವಿಧಾನ, ಹೊಸ ಮಾರುಕಟ್ಟೆ ಕಂಡುಕೊಂಡವನಿಗೆ ಲಾಭ ಸಿಗುತ್ತದೆ, ಉಳಿದವರು ಅದನ್ನು ಕಲಿತು ಬರುವವರೆಗೆ ಮಾತ್ರ. ಹಸಿ ದ್ರಾಕ್ಷಿಗೆ ಬೆಲೆ ಬಿದ್ದಾಗ ಶೆಡ್ ಹಾಕಿ ಒಣದ್ರಾಕ್ಷಿ ಮಾಡಲು ಮೊದಲು ಮುಂದಾದ ಬೆಳೆಗಾರನನ್ನು ನೆನೆಯಿರಿ. ಓಣಿಯವರೆಲ್ಲ ಶೆಡ್ ಹಾಕಿದ ಮೇಲೆ ಆ ಮೊದಲಿನ ಗಳಿಕೆ ಕರಗುತ್ತದೆ, ಅದು ವಾಡಿಕೆಯ ದುಡಿಮೆಯಾಗುತ್ತದೆ. ಲಾಭ ಇಲ್ಲಿ ಕೆರೆಯ ನೀರಲ್ಲ, ಮಳೆಗಾಲದ ಹಳ್ಳ.

70, 75 ಮತ್ತು ಎಥೆನಾಲ್

ಇಟಲಿಯಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ನೆಲೆಸಿದ್ದ ಪಿಯೆರೊ ಸ್ರಾಫಾ 1960ರಲ್ಲಿ ಇಡೀ ಚರ್ಚೆಯನ್ನು ಮತ್ತೆ ರಿಕಾರ್ಡೊನ ಅಂಗಳಕ್ಕೆ ತಂದ. ಉತ್ಪಾದನೆಯ ವಿಧಾನ ತಿಳಿದಿದ್ದರೂ ಲಾಭ ಎಷ್ಟೆಂದು ಅದರಿಂದಲೇ ಹೇಳಲಾಗದು. ಕೂಲಿ ಎಷ್ಟೆಂದು ಹೊರಗಿನಿಂದ ತೀರ್ಮಾನವಾದರೆ ಲಾಭ ತಾನಾಗಿ ತಿಳಿಯುತ್ತದೆ, ಲಾಭ ತೀರ್ಮಾನವಾದರೆ ಕೂಲಿ. ರೊಟ್ಟಿಯ ಗಾತ್ರ ಅಡುಗೆಮನೆಯಲ್ಲಿ ನಿಶ್ಚಯವಾಗುತ್ತದೆ, ಯಾರಿಗೆ ಎಷ್ಟು ಎಂಬುದು ಪಂಕ್ತಿಯಲ್ಲಿ.

ಕಬ್ಬಿನ ಪಂಕ್ತಿಯಲ್ಲಿ ಈ ಹಂಚಿಕೆಯನ್ನು ಹಲವು ಬಗೆಯಲ್ಲಿ ಮಾಡಿ ನೋಡಲಾಗಿದೆ. 1974ರಲ್ಲಿ ಭಾರ್ಗವ ಆಯೋಗದ ಶಿಫಾರಸಿನಂತೆ ಕಬ್ಬು ನಿಯಂತ್ರಣ ಆದೇಶಕ್ಕೆ ‘5ಎ’ ಎಂಬ ಕಲಂ ಸೇರಿತು. ಸಕ್ಕರೆಯಿಂದ ಬಂದ ಹೆಚ್ಚುವರಿಯಲ್ಲಿ ರೈತನಿಗೆ ಅರ್ಧ, ಕಾರ್ಖಾನೆಗೆ ಅರ್ಧ ಎಂಬುದು ಅದರ ಸೂತ್ರ. 2009ರಲ್ಲಿ ಅದನ್ನು ಕೈಬಿಟ್ಟು ಎಫ್‌ಆರ್‌ಪಿ ತಂದರು. ಲಾಭವನ್ನು ಕೊನೆಯಲ್ಲಿ ಹಂಚುವ ಬದಲು ಅದರ ಅಂದಾಜನ್ನು ಮೊದಲೇ ಬೆಲೆಯೊಳಗೆ ಸೇರಿಸುವ ಏರ್ಪಾಡು ಇದು. 2012ರಲ್ಲಿ ರಂಗರಾಜನ್ ಸಮಿತಿ ಹಂಚಿಕೆಯ ಸೂತ್ರವನ್ನು ಬೇರೆ ರೂಪದಲ್ಲಿ ಮತ್ತೆ ಮುಂದಿಟ್ಟಿತು. ಸಕ್ಕರೆ ಮತ್ತು ಉಪ ಉತ್ಪನ್ನಗಳ ಮೌಲ್ಯದಲ್ಲಿ ಶೇ 70, ಅಥವಾ ಸಕ್ಕರೆಯೊಂದರ ಮೌಲ್ಯದಲ್ಲಿ ಶೇ 75 ಬೆಳೆಗಾರನಿಗೆ ಸೇರಬೇಕು ಎಂದಿತು.

ಎರಡು ಅಂಕಿಗಳ ನಡುವಿನ ಆ ಐದರಲ್ಲಿ ಕಾಕಂಬಿ, ಕಬ್ಬಿನ ಸಿಪ್ಪೆ, ಪ್ರೆಸ್‌ಮಡ್ (ರಸ ಸೋಸಿದಾಗ ಉಳಿಯುವ ಗಸಿ) ಅಡಗಿವೆ. ಇವು ಕಬ್ಬು ಹಿಂಡಿದಾಗ ನೇರವಾಗಿ ಬರುವ ಉಪ ಉತ್ಪನ್ನಗಳು. ಕಾಕಂಬಿಯನ್ನು ಮತ್ತೆ ಹುದುಗಿಸಿ, ಭಟ್ಟಿ ಇಳಿಸಿದಾಗ ಬರುವ ಎಥೆನಾಲ್ ಮುಂದಿನ ಹಂತದ್ದು. ಅದರ ಗಳಿಕೆಯನ್ನು ಶುಂಪೀಟರ್ ಕಣ್ಣಿನಿಂದ ನೋಡಿದರೆ ಹೊಸದಕ್ಕೆ ಹಣ ಹೂಡಿ ಘಟಕ ಕಟ್ಟಿದ ಕಾರ್ಖಾನೆಯದು. ಕೆನೆಯ ಕಣ್ಣಿನಿಂದ ನೋಡಿದರೆ ಕಬ್ಬು ಹುಟ್ಟಿದ ನೆಲದ್ದು. ಮಾರ್ಕ್ಸ್ ಕಣ್ಣಿನಿಂದ ನೋಡಿದರೆ, ಹಂಗಾಮು ಮುಗಿದೊಡನೆ ಗುಡಿಸಲು ಕಿತ್ತು ಟ್ರ್ಯಾಕ್ಟರ್ ಹತ್ತುವ ಗ್ಯಾಂಗಿನವರ ದುಡಿಮೆಯೂ ಅದರಲ್ಲಿದೆ, ಬೆಲೆಯ ಸಭೆಗೆ ಮಾತ್ರ ಅವರನ್ನು ಯಾರೂ ಕರೆಯುವುದಿಲ್ಲ.